ಹನ್ನೊಂದನೇ ಬೆಡ್ಡಿನ ಕ್ರಿಯಾಪದ

ಕಳವಾದಿಂದ ಆರು ನಲವತ್ತೆರಡರ ಸ್ಲೋ.
ಸಾಯನ್‌ವರೆಗೆ ಹತ್ತು ಸ್ಟೇಷನ್ನು, ಹತ್ತು ಪದ,
ಕ್ರಾಸ್ಟೊ ಮೇಡಂ ಅಪ್ಪಣೆ.
ಹಳೆಯ ಟೆಂಪರೇಚರ್ ಚಾರ್ಟುಗಳನ್ನು ಹೊಲಿದು ಮಾಡಿದ ಪುಸ್ತಕ;
ಬೆಳಕಿಗೆ ಹಿಡಿದರೆ ಹಾಳೆಯ ಬೆನ್ನಲ್ಲಿ
ಯಾರದೋ ಜ್ವರ ಮೆಟ್ಟಿಲು ಹತ್ತಿ ಇಳಿದದ್ದು ಕಾಣುತ್ತದೆ.

ಯುಬಿಕ್ವಿಟಸ್: ಎಲ್ಲಿ ನೋಡಿದರಲ್ಲಿ, ನೀಲಿ ತಾಡಪತ್ರಿ.
ಎಫೆಮರಲ್: ಘಾಟ್ಕೋಪರಿನಲ್ಲಿ ಸಿಕ್ಕಿ
ಕುರ್ಲಾದಲ್ಲಿ ಹೋದ ಕಿಟಕಿ ಸೀಟು.
ರೆಸಿಲಿಯಂಟ್: ಹಳಿಯ ಮೇಲೆ ನೀರು ನಿಂತ ಮಾರನೇ ದಿನ
ಬೇರೆ ದಾರಿಯಿಲ್ಲದೆ ಕೆಲಸಕ್ಕೆ ಹೊರಟವರಿಗೆ
ಪೇಪರಿನವರು ಇಟ್ಟ ಹೆಸರು.
ಮೆಟಿಕ್ಯುಲಸ್‌ಗೆ ಅರ್ಥ ಬರೆದುಕೊಳ್ಳಲಿಲ್ಲ.
ಅವಳು ಠಾಣೆಯಲ್ಲಿ ಹತ್ತುತ್ತಾಳೆ, ಫ್ಯಾಕ್ಟರಿಯ ಬೆವರಿನೊಂದಿಗೆ,
ಮಡಿಲಲ್ಲಿ ಪೇಪರು ಹಾಸಿ ಮೆಂತ್ಯ ಬಿಡಿಸುತ್ತಾಳೆ,
ಒಂದು ದಂಟೂ ಸೊಪ್ಪಿನ ಕಡೆ ಬೀಳದ ಹಾಗೆ.

ಭಾನುವಾರ ನೌಪಾಡಾದ ಕ್ಲಾಸಿನಲ್ಲಿ ನಾನೇ ಹಿರಿಯಳು.
ನಲವತ್ತೊಂದು. ಪಕ್ಕದ ಹುಡುಗಿಯೂ ನರ್ಸೇ,
ಬಾಯಿತುಂಬ ಆಂಟೀ ಎನ್ನುತ್ತಾಳೆ,
ಉತ್ತರ ಮಾತ್ರ ಮೊಣಕೈಯಲ್ಲಿ ಮುಚ್ಚಿಟ್ಟುಕೊಳ್ಳುತ್ತಾಳೆ.
ಲೋತ್, ಲೋದ್.
ಕೊನೆಯಲ್ಲೊಂದು ಇ ಇದ್ದರೆ ಹೇಸುವುದು,
ಇಲ್ಲದಿದ್ದರೆ ಬರೀ ಮನಸ್ಸಿಲ್ಲದಿರುವುದು.
"ನಾಲಗೆ ಹಲ್ಲಿನ ನಡುವೆ ಬರಲಿ, ಕರುಣಾ. ನಾಚಬೇಡ."
ಬೀದರಿನ ಮಿಷನ್ ಶಾಲೆಯಲ್ಲಿ
ನಾಲಗೆ ಹೊರಗೆ ಹಾಕಿದ್ದಕ್ಕೇ ನನಗೆ ಬೆತ್ತ ಬಿದ್ದಿತ್ತು.

ಭೀಮಶಾ ಮಸ್ಜಿದ್ ಬಂದರಿನಲ್ಲಿ
ನಲವತ್ತು ವರ್ಷ ಮೂಟೆ ಹೊತ್ತವರು,
ಭುಜದ ಮೇಲೆ ಕೊಕ್ಕೆ ತಾಗಿದ ಕಲೆ.
ಮೂಗಿಗೆ ನಳಿಗೆ ಹಾಕಲು ಹೋದಾಗ
ಮೆಲ್ಲಗೆ ನನ್ನ ಮಣಿಕಟ್ಟು ಹಿಡಿದು
"ಒಲ್ಲೆ ತಂಗೀ" ಅಂದರು.

"ಕ್ಯಾ ಬೋಲ್ ರಹೇ ಹೈಂ, ಸಿಸ್ಟರ್?" ಎಳೆಯ ಡಾಕ್ಟರು.

ಇಡೀ ಪುಸ್ತಕ ಬಾಯಿಗೆ ಬಂತು:
ರಿಲಕ್ಟಂಟ್, ಅವರ್ಸ್, ಅನ್‌ವಿಲಿಂಗ್,
ಲೋತ್ ಕೂಡ, ನಾಲಗೆ ಸರಿಯಾಗಿ ಹಲ್ಲಿನ ನಡುವೆ ಇಟ್ಟುಕೊಂಡೇ.
ಯಾವುದೂ ಆ ಮುದುಕನ ಅಳತೆಯದಲ್ಲ.
ಹಟವಲ್ಲ ಅದು, ಸಿಟ್ಟಲ್ಲ. ಪಂಕ್ತಿಯಲ್ಲಿ ಕೂತಾಗ
ಬೀಗರು ಇನ್ನೊಂದು ಹೋಳಿಗೆ ತಂದರೆ
ಎಲೆಯ ಮೇಲೆ ಅಂಗೈ ಅಡ್ಡ ಹಿಡಿಯುತ್ತೇವಲ್ಲ, ನಗುತ್ತಲೇ,
ಬಡಿಸುವವರಿಗೆ ನೋವಾಗದಂತೆ, ಹಾಗೆ.
ಒಲವಿನ ಬೇರಿನಲ್ಲೇ ಚಿಗುರಿದ ಇಲ್ಲ.
ನಾನು ಎಂಬುದೂ ಅದರೊಳಗೇ ಇದೆ,
ಬೇರೆ ಹೇಳಬೇಕಿಲ್ಲ.

ಡಾಕ್ಟರು ಗಡಿಯಾರ ನೋಡಿದರು.
ಚಾರ್ಟಿನಲ್ಲಿ ಬರೆದೆ: ರೆಫ್ಯೂಸ್ಡ್.
ಎಂಟಕ್ಕೆ, ಹನ್ನೆರಡಕ್ಕೆ, ಬೆಳಗಿನ ನಾಲ್ಕಕ್ಕೆ. ಸಹಿ.
ಐದನೇ ಕ್ಲಾಸಿನ ಸ್ಪೆಲ್ಲಿಂಗು, ಒಂದೂ ತಪ್ಪಿಲ್ಲ.

ಗುರುವಾರ ರಿಸಲ್ಟ್ ಬಂತು.
ಕೇಳುವುದು ಎಂಟು. ಓದು ಏಳೂವರೆ. ಮಾತು ಏಳು.
ಬರವಣಿಗೆ ಆರೂವರೆ, ಬೇಕಿದ್ದದ್ದು ಏಳು.
ಆ ಅರ್ಧಕ್ಕೆ ಮತ್ತೆ ಪೂರ್ತಿ ಫೀಸು.
ಗಂಡ ಏನೂ ಅನ್ನಲಿಲ್ಲ,
ಚಹಾದ ಲೋಟ ತುಸು ಜೋರಾಗಿ ಇಟ್ಟ.
"ಪದಸಂಪತ್ತು ಸಾಲದು," ಅಂದರು ಮೇಡಂ.
ಐರ್ಲೆಂಡಿನ ಒಂದು ವೃದ್ಧಾಶ್ರಮ ಕಾಯುತ್ತಿದೆಯಂತೆ ನನಗಾಗಿ.
ಅಲ್ಲಿನ ಮುದುಕರು ಚಮಚ ಹತ್ತಿರ ಬಂದಾಗ
ಮುಖ ತಿರುಗಿಸಿ ಏನನ್ನುತ್ತಾರೋ,
ಅದು ಈ ಪಟ್ಟಿಯಲ್ಲಿ ಇದ್ದಂತಿಲ್ಲ.

ಹನ್ನೊಂದರಲ್ಲಿ ಈಗ ಬೇರೆ ಯಾರೋ.
ಹಸಿವಿನ ಮನುಷ್ಯ, ಎರಡೆರಡು ಸಲ ಗಂಜಿ ಕೇಳುತ್ತಾನೆ.

ಭಾಂಡುಪ್ ದಾಟಿತು. ತುಟಿಯಲ್ಲೇ ಲೋತ್, ಲೋತ್, ಲೋತ್.
ಮೆಂತ್ಯದವಳು ತಲೆಯೆತ್ತಿ
ಗಂಟಲಲ್ಲಿ ಏನಾದರೂ ಸಿಕ್ಕಿತೇ ಎಂದು
ಮರಾಠಿಯಲ್ಲಿ ಕೇಳಿ ಬಾಟಲಿ ಚಾಚಿದಳು.
ಅಂಗೈ ಎತ್ತಿದೆ. ಆಮೇಲೆ ಇಸಿದುಕೊಂಡು ಕುಡಿದೆ.
ಕಾಂಜೂರ್ ಬಂತು.
ಎಲ್ ಅಕ್ಷರದಲ್ಲಿ ಇನ್ನೂ ಏಳಿವೆ.