ಉಸಿರೂದಿ ಎಣಿಸುವುದು

ಕರುಹಾಂಗನ ದೊಡ್ಡಿಯಿಂದ ಹನ್ನೊಂದು ಸೀಸೆ.
ಹತ್ತಿಯ ಬಿರಡೆ, ಪೆನ್ಸಿಲ್ಲಿನಲ್ಲಿ ಬರೆದ ಚೀಟಿ:
ಬಲಗಿವಿ, ಬಾಲದ ಬುಡ, ಕೆಚ್ಚಲ ಸಂದು.
ಒಂದೊಂದರಲ್ಲೂ ಹರಳುಬೀಜದಷ್ಟು ಉಬ್ಬಿದ
ಒಬ್ಬೊಬ್ಬ ತಾಯಿ.

ತಾಯಿ ಅಂದರೆ ನಮ್ಮ ಡ್ರೈವರ್ ಬ್ಯಾರುಗಾಬ ನಗುತ್ತಾನೆ.
ನಗಲಿ.
ಇನ್‌ಕ್ಯುಬೇಟರಿನ ಬೆಚ್ಚನೆ ಕತ್ತಲಲ್ಲಿ
ಮೂರು ಸಾವಿರ ಮೊಟ್ಟೆ ಇಟ್ಟು
ಒಣದ್ರಾಕ್ಷಿಯಂತೆ ಮುರುಟಿ ಸಾಯುವವಳನ್ನು
ಬೇರೆ ಏನೆಂದು ಕರೆಯಲಿ?
ವಹಿಯಲ್ಲಿ ಮಾತ್ರ ‘ಮಾದರಿ ನಾಲ್ಕು’ ಎಂದು ಬರೆಯುತ್ತೇನೆ.

ಆ ಜ್ವರಕ್ಕೆ ನಾವು ಅಮಕೆಬೆ ಎನ್ನುತ್ತೇವೆ.
ಉಣ್ಣಿ ಕಿವಿಯೊಳಗೆ ಕೂತು
ಯಾರಿಗೂ ಕೇಳದ ಹಾಗೆ ಹೇಳಿಹೋದದ್ದು
ಕಿವಿಯ ಬುಡದಲ್ಲಿ ಗಂಟಾಗುತ್ತದೆ,
ಮೂಗಿನಲ್ಲಿ ನೊರೆಯಾಗುತ್ತದೆ,
ಮೂರು ವಾರಕ್ಕೆ ಕರು ಮಣ್ಣಾಗುತ್ತದೆ.
ಅಜ್ಜಿ ಕಾಯಿಸಿದ ಕಬ್ಬಿಣದಿಂದ ಆ ಗಂಟು ಸುಡುತ್ತಿದ್ದಳು.
ನಾನು ಸೂಜಿ ಚುಚ್ಚಿ ಹನಿ ಎಳೆದು
ಗಾಜಿಗೆ ಬಳಿದು, ನೀಲಿ ಬಣ್ಣ ಹಾಕಿ ನೋಡುತ್ತೇನೆ.
ಇಬ್ಬರೂ ಬೆರಳಿಟ್ಟದ್ದು ಒಂದೇ ಜಾಗಕ್ಕೆ.
ಅವಳ ಕರುಗಳಲ್ಲೂ ಕೆಲವು ಉಳಿಯುತ್ತಿದ್ದವು.

ಕರುಹಾಂಗ ಮೊದಲು ವಾರಕ್ಕೊಮ್ಮೆ ಸಿಂಪಡಿಸಿದ.
ಆಮೇಲೆ ಎರಡು ಸಲ.
ಆಮೇಲೆ ಇಮ್ಮಡಿ ಅಳತೆ.
ಅಂಗಡಿಯವನು ಬೇರೆ ಬಣ್ಣದ ಡಬ್ಬಿ ಕೊಟ್ಟ,
ಒಳಗೆ ಅದೇ ಔಷಧಿ.
ಕೊನೆಗೆ, ಟೊಮೇಟೊ ಹುಳಕ್ಕೆಂದು ತಂದದ್ದನ್ನೂ
ಅದರಲ್ಲೇ ಬೆರೆಸಿ
ಒಂದು ಮುಂಜಾನೆ ಪಂಪು ಹೊತ್ತ.

ಬಿಹೋಗೊ ಕುರುಡಾದಳು.

ನಮ್ಮಲ್ಲಿ ಹಸುವಿಗೆ ಬಣ್ಣವೇ ಹೆಸರು.
ಬಿಹೋಗೊ ಅಂದರೆ ಒಂದು ಕೆಂಪು:
ಹಣ್ಣಾಗಿ ಒಣಗಿದ ಕಾಫಿಗೂ
ಸಂಜೆಯ ಹುತ್ತಕ್ಕೂ ನಡುವಿನದು.
ಅದನ್ನು ಅವಳೇ ಇನ್ನು ನೀರಿನಲ್ಲಿ ಬಗ್ಗಿ ನೋಡಲಾರಳು.
‘ಪಂಪು ಹಿಡಿದವನು ನಾನೇ,’ ಎಂದ ಕರುಹಾಂಗ.
ನಾನು ಕೇಳಿರಲಿಲ್ಲ.

ಮೊಟ್ಟೆಗಳು ಒಡೆದವು.
ಔಷಧಿ ಕುಡಿಸಿ ಒಣಗಿಸಿದ ಕಾಗದ ಮಡಿಸಿ
ಒಂದೊಂದು ಪೊಟ್ಟಣಕ್ಕೆ ನೂರು ಮರಿ,
ಧೂಳಿನಷ್ಟು ಮರಿ,
ಅಂಚಿಗೆ ಕ್ಲಿಪ್ಪು.
ಒಂದು ಹಗಲು, ಒಂದು ರಾತ್ರಿ.
ಬಿಚ್ಚಿದರೆ ಎಲ್ಲವೂ ಸತ್ತಂತೆಯೇ ಕಾಣುತ್ತವೆ.
ಆಗ ಬಗ್ಗಿ ಉಸಿರೂದಬೇಕು.
ಅದೇ ಪರೀಕ್ಷೆ: ನಡೆದದ್ದು ಬದುಕಿದೆ.

ಉಸಿರೆಂದರೆ ಅವಕ್ಕೆ ಹಸು.
ಹುಲ್ಲಿನ ತುದಿಯಲ್ಲಿ ಮುಂಗಾಲೆತ್ತಿಕೊಂಡು
ಅವರ ಪೂರ್ವಿಕರೆಲ್ಲ ತಿಂಗಳುಗಟ್ಟಲೆ ಕಾದದ್ದು ಇದಕ್ಕೇ.
ಅತಿ ಕಟುವಾದ ಕಾಗದದ ಮೇಲೆ ನಾನು ಊದಿದೆ.
ತೊಂಬತ್ತನಾಲ್ಕು ಎದ್ದು
ನನ್ನ ಬಾಯಿಯ ಕಡೆಗೆ ನಡೆದವು.

ಎಣಿಸಿ, ಮತ್ತೆ ಎಣಿಸಿ,
ಕೈ ತೊಳೆದೆ. ಕುತ್ತಿಗೆ ಸವರಿಕೊಂಡೆ.

ಕಿರುಹೂರಕ್ಕೆ ಹೋದಾಗ ಅವನು
ಹೊಗೆ ಹಿಡಿಸಿದ ಮರದ ಪಾತ್ರೆಯಲ್ಲಿ ಹಾಲು ಕೊಟ್ಟ.
ಕುಡಿದು ಮುಗಿಸುವವರೆಗೆ ವಿಷಯ ಎತ್ತುವಂತಿಲ್ಲ.
ಕುಡಿದೆ, ನಿಧಾನವಾಗಿ.
ಆಮೇಲೆ ಹಾಳೆ ತೋರಿಸಿದೆ.
ಅಂಕಿಗಳ ಮೇಲೆ ಹೆಬ್ಬೆರಳು ಓಡಿಸಿ ಕೇಳಿದ:
‘ಹಾಗಾದರೆ, ಕೆಬಿರುಂಗಿ, ಇಷ್ಟು ದಿನ
ನಾನು ಕೊಂದದ್ದು ಏನನ್ನು?’

ಹಸುಗಳ ಬೆನ್ನ ಮೇಲೆ ಕೂತು ಉಣ್ಣಿ ಹೆಕ್ಕುತ್ತಿದ್ದ
ಕೆಂಪು ಕೊಕ್ಕಿನ ಹಕ್ಕಿಗಳು ಈಗ ಬರುತ್ತವೆಯೇ
ಎಂದು ಕೇಳಬೇಕೆಂದಿದ್ದೆ.
ಕೇಳಲಿಲ್ಲ.
ಔಷಧಿ ಬದಲಿಸುವುದು ಹೇಗೆ, ಎಷ್ಟು ದಿನಕ್ಕೆ,
ಹುಲ್ಲುಗಾವಲಿಗೆ ಎಷ್ಟು ತಿಂಗಳ ಬಿಡುವು,
ಅಷ್ಟನ್ನು ಹೇಳಿದೆ.
ತಲೆಯಾಡಿಸಿದ. ಅಂಗಡಿಯವನ ಹೆಸರಿಗೆ ಉಗುಳಿದ.

ಆಮೇಲೆ ಎದ್ದು ಬೇಲಿಯ ಹತ್ತಿರ ನಿಂತು
ತುಟಿ ಮುಂದೆ ಮಾಡಿ ಏನೋ ಅಂದ;
ಶಿಳ್ಳೆಯೂ ಅಲ್ಲ, ಹೆಸರೂ ಅಲ್ಲ,
ಬರೀ ಗಾಳಿ.
ಮಂದೆಯ ನಡುವಿನಿಂದ ಬಿಹೋಗೊ
ಆ ಅಗಲ ಕೊಂಬುಗಳನ್ನು ಯಾರಿಗೂ ತಗುಲಿಸದೆ
ಒಂದೊಂದೇ ಹೆಜ್ಜೆ ಬಂದು
ಅವನ ಮುಖದ ಮುಂದೆ ಮೂಗಿಟ್ಟು ನಿಂತಳು.

ನಾನು ಸೀಸೆಯ ಬಿರಡೆ ತೆಗೆದೆ.
ಬಲಗಿವಿ.