ಎದುರು ಬಾಜಿ

ಒಬುಂಗಾದ ಮೀನುಮೂಳೆ ಬೀದಿಯಲ್ಲಿ ನನ್ನ ಅಂಗಡಿ.
ಕಿಸುಮುವಿನ ಕಾರ್ಖಾನೆಗಳು ಮೀನಿನ ಮಾಂಸ ಬಿಡಿಸಿ
ವಿಮಾನ ಹತ್ತಿಸಿದ ಮೇಲೆ
ತಲೆ, ಬೆನ್ನೆಲುಬು, ಬಾಲ ನಮ್ಮ ಪಾಲಿಗೆ.
ಅಪೊಂಡಿ ಅವನ್ನು ಎಣ್ಣೆಗೆ ಬಿಡುತ್ತಾಳೆ,
ಎದುರಿಗೆ ನಾನು ಗಡ್ಡ ಹೆರೆಯುತ್ತೇನೆ.
ಹೀಗೇ ಹದಿನಾಲ್ಕು ವರ್ಷ.

ಅವಳ ಮಗ ಒಡೆರೊ, ಬಾಡಿಗೆ ಬೈಕಿನವನು.
ಸಿಮೆಂಟು ಗೋದಾಮಿನ ತಿರುವಿನಲ್ಲಿ ನಿಂತವರ ಕೈ
ದಿನಾ ಬೆಚ್ಚಗೆ ಮಾಡುತ್ತಿದ್ದ:
ಮಡಿಚಿದ ನೂರರ ನೋಟು, ಕೈಕುಲುಕುವ ನೆಪದಲ್ಲಿ.
ಒಂದು ಮಂಗಳವಾರ ಮಾತ್ರ
‘ಐವತ್ತು ಚಿಲ್ಲರೆ ಕೊಡಿ’ ಅಂದನಂತೆ,
ತಮಾಷೆಗೋ ನಿಜಕ್ಕೋ.
ಬೈಕು ಠಾಣೆಯ ಹಿತ್ತಿಲಲ್ಲಿ ಸಿಕ್ಕಿತು.
ಅವನು ಸಿಕ್ಕಿದ್ದು ಶುಕ್ರವಾರ, ಶವಾಗಾರದಲ್ಲಿ,
ಕಾಲ್ಬೆರಳಿಗೆ ‘ಅಪರಿಚಿತ’ ಎಂದು ಚೀಟಿ ಕಟ್ಟಿಸಿಕೊಂಡು.
ಅಂಗಿಯ ಜೇಬಿನಲ್ಲಿ ಗುರುತಿನ ಕಾರ್ಡು ಇತ್ತು.

ನೈರೋಬಿಯಿಂದ ತನಿಖೆಯವರು ಬಂದರು.
ಬಿಳಿ ಗಾಡಿ. ಇಬ್ಬರು ಗಂಡಸರು, ಒಬ್ಬಳು ಹೆಂಗಸು;
ಅಳುವವರಿಗೆಂದು ಅವಳ ಕೈಯಲ್ಲಿ ಟಿಶ್ಯೂ ಡಬ್ಬಿ.
ಅಪೊಂಡಿ ಅಳಲಿಲ್ಲ. ಒಂದು ಹಾಳೆ ಎಳೆದು
ಬೆರಳ ಎಣ್ಣೆ ಒರೆಸಿಕೊಂಡಳು.
‘ಹೆದರಬೇಡಮ್ಮ, ಇದ್ದದ್ದು ಇದ್ದಹಾಗೆ ಹೇಳು’ ಅಂದರು.
ಅವರ ಬೆನ್ನ ಹಿಂದೆ
ಗಾಡಿಯ ಬಾಗಿಲು ಹಿಡಿದು ನಿಂತಿದ್ದವನು
ಆ ಮಂಗಳವಾರ ತಿರುವಿನಲ್ಲಿ ನಿಂತಿದ್ದವನೇ.

ಆ ಸಂಜೆ ನನ್ನ ಕನ್ನಡಿಯ ಮೇಲೆ
ಸೋಪಿನ ಚೂರಿನಲ್ಲಿ ಬರೆದೆವು, ವರದಿ ಏನನ್ನುತ್ತದೆಂದು:
ಓಡುವ ಗಾಡಿಯಿಂದ ತಾನೇ ಹಾರಿದ
ಎದೆಯ ಕಾಯಿಲೆ ಮೊದಲೇ ಇತ್ತು
ಸಾಕ್ಷ್ಯ ಸಾಲದು
ಕಡತ ನೀರು ಬಿದ್ದು ಅಳಿಸಿಹೋಗಿದೆ
ಹಾರಿದ್ದಕ್ಕೆ ಒಂಬತ್ತು ಜನ ದುಡ್ಡು ಕಟ್ಟಿದರು.
ಓಗುಟು ಮೇಷ್ಟ್ರದು ‘ಸಾಲದು’ ಮೇಲೆ ಇನ್ನೂರು ಶಿಲ್ಲಿಂಗ್.
ತಮ್ಮ ಸತ್ತಾಗ ಅವರಿಗೆ ಬಂದ ಕಾಗದ
ಅಲ್ಪವಿರಾಮ ಸಮೇತ ಇನ್ನೂ ಬಾಯಿಪಾಠ.
ನಗುತ್ತಿದ್ದೆವು. ಸುಳ್ಳೇಕೆ, ನಾನೂ ನಗುತ್ತಿದ್ದೆ.

ಬೀದಿ ದಾಟಿ ಅಪೊಂಡಿ ಬಂದಳು.
ಜಿಡ್ಡಿನ ಐವತ್ತರ ನೋಟು ಡಬ್ಬಿಗೆ ಹಾಕಿ
ನನ್ನ ಕೈಯಿಂದ ಸೋಪು ಇಸಿದುಕೊಂಡು
ಎಲ್ಲಕ್ಕೂ ಕೆಳಗೆ ಒಂದು ಹೆಸರು ಬರೆದಳು.
ಹೆಸರು ಇಲ್ಲಿ ಹೇಳಲಾರೆ. ನನಗೂ ಮಕ್ಕಳಿದ್ದಾರೆ.
‘ಬರುತ್ತದೆ ಅಂತ ನಂಬಿದ್ದೀಯಾ?’ ಮೇಷ್ಟ್ರು ಕೇಳಿದರು.
‘ನಂಬಿಕೆ ಮಾತು ಯಾರಾಡಿದರು?
ಎಲ್ಲಾದರೂ ಒಂದು ಕಡೆ ಬರೆದಿರಲಿ.
ಸೋಪಿನಲ್ಲಾದರೂ.’

ಬೆಳಿಗ್ಗೆ ಅವನು ಬಂದ, ಎಂದಿನ ಹಾಗೆ,
ಎಂದಿನ ಹಾಗೆ ಬಿಟ್ಟಿ ಕ್ಷೌರಕ್ಕೆ.
ಕುರ್ಚಿಯಲ್ಲಿ ಕೂತಾಗ ಅವನ ಹೆಸರು
ಅವನ ಗಂಟಲಿನ ಮೇಲೆ ಸರಿಯಾಗಿ ಬಿದ್ದಿತು.
ಓದಿದ. ಕತ್ತು ಮೇಲೆತ್ತಿ ಕೊಟ್ಟ.
ನನ್ನ ಕತ್ತಿ ದವಡೆಯಿಂದ ಇಳಿದು, ಗಂಟು ದಾಟಿ,
ಒಂದು ಕೂದಲೂ ಬಿಡದೆ ಸಾಗಿತು.
ಕೈ ನಡುಗಲಿಲ್ಲ.
ಅದಕ್ಕೆ ಹೆಮ್ಮೆ ಪಡಬೇಕೋ ನಾಚಬೇಕೋ
ಇವತ್ತಿಗೂ ಬಗೆಹರಿದಿಲ್ಲ.

ಎದ್ದು, ಕೆನ್ನೆ ಸವರಿಕೊಂಡು, ‘ಜೂಜು ಅಪರಾಧ’ ಅಂದ.
ಡಬ್ಬಿ ಬೋರಲು ಹಾಕಿ ಎಣಿಸಿದ.
ಸಾವಿರದ ಮುನ್ನೂರ ನಲವತ್ತು,
ಅವಳ ಐವತ್ತೂ ಸೇರಿ.
ಹೋಗುವಾಗ ‘ಕನ್ನಡಿ ಒರೆಸು’ ಅಂದ.

ಒರೆಸಿದೆ. ನಿಜಕ್ಕೂ ಒರೆಸಿದೆ.
ಆದರೆ ಸೋಪಿನ ಜಾತಿಯೇ ಹಾಗೆ:
ಬಿಸಿನೀರಿನ ಹಬೆ ಕನ್ನಡಿಗೆ ಕವಿದಾಗ
ಒಂದು ಕಡೆ ಕವಿಯುವುದಿಲ್ಲ.
ಕುರ್ಚಿಯಲ್ಲಿ ಕೂತವರು ಕಣ್ಣು ಮುಚ್ಚಿಕೊಳ್ಳುತ್ತಾರೆ.
ಕೇಳಿದರೆ, ನೊರೆ ಉರಿಯುತ್ತದೆ ಅನ್ನುತ್ತಾರೆ.

ಹದಿನೇಳು ತಿಂಗಳಾಯಿತು, ವರದಿ ಬಂದಿಲ್ಲ.
ಬಿಳಿ ಗಾಡಿ ಮತ್ತೊಮ್ಮೆ ಬಂತು, ಬೇರೆ ಯಾರದೋ ಸಾವಿಗೆ,
ಅದೇ ಡಬ್ಬಿ, ಹೊಸ ಹೆಂಗಸು.
ಶನಿವಾರ ಕತ್ತಲಾದ ಮೇಲೆ ಅಪೊಂಡಿ
ಆ ಬದಿಯಿಂದಲೇ ಕೂಗುತ್ತಾಳೆ:
‘ನನ್ನ ಐವತ್ತು ಏನಾಯ್ತೋ?’
ಬಾಜಿ ಇನ್ನೂ ಮುಗಿದಿಲ್ಲವೇ, ಅನ್ನುತ್ತೇನೆ.
ಅವಳು ಬಾಣಲೆಯಲ್ಲಿ ಮೂಳೆ ಮಗುಚುತ್ತಾಳೆ.