ಪಂಚನಾಮೆ

ಬೆಟಗೇರಿ ಠಾಣಾದಾಗ ಮೂವತ್ತೊಂದು ವರ್ಷ
ರೈಟರ್ ಆಗಿದ್ದ ಹುಚ್ಚೀರಪ್ಪಜ್ಜಗ
ಟಿವಿಯೊಳಗ ಇಂಗ್ಲಂಡಿನ ಕೊಲಿ ನೋಡೂದಂದ್ರ
ರಾತ್ರಿ ಊಟಕ್ಕಿಂತ ಜಾಸ್ತಿ.

ಕೆಳಗಿನ ಅಕ್ಷರ ನಾನು ಓದಿ ಹೇಳಬೇಕು.
ಅಂವ ಚೂಡಾ ತಿನ್ಕೋತ ತಪ್ಪು ಹಿಡೀತಾನ:
'ಹೆಣ ಬಿದ್ದೈತಿ, ಪಂಚರು ಎಲ್ಲಿ?
ಜಮಖಾನಿ ತುಳದಾಡಿದ್ರಲ್ಲೋ!
ಇಷ್ಟ ಸಣ್ಣ ಹಳ್ಳಿಯೊಳಗ
ವಾರಕ್ಕೊಂದು ಕೊಲಿ ಆದ್ರ
ಪಿಎಸ್ಐಗೆ ಟ್ರಾನ್ಸ್‌ಫರ್ ಆಗೂದಿಲ್ಲೇನು?'

ಕಡೀಗೆ ಎಲ್ಲಾರನ್ನೂ ಪಡಸಾಲ್ಯಾಗ ಕೂಡಿಸಿ
ಪತ್ತೇದಾರ ಒಬ್ಬೊಬ್ಬರ ಮಾರಿ ನೋಡತಾನ.
ಕೊಂದಾಂವ ಎದ್ದು ನಿಂತು,
ಕೋಟಿನ ಗುಂಡಿ ಹಾಕ್ಕೊಂಡು,
ವ್ಯಾಕರಣ ತಪ್ಪದಂಗ ಒಪ್ಪಿಕೊಳ್ತಾನ.
ಅಜ್ಜ ನಗತಾನ, ಠಸಕಿ ಹತ್ತೂವಷ್ಟು.

ನಿನ್ನೆ ನಗಲಿಲ್ಲ.
ಕೆರಿ ದಂಡಿ ಮ್ಯಾಲ ಒಂದು ಜೋಡು ಬೂಟು,
ಒಂದಕ್ಕೊಂದು ಹೊಂದಿಸಿ ಇಟ್ಟಂಗ. ಅಷ್ಟ.
'ನಿಂದರಸು' ಅಂದ.
ನಿಂದರಸಿದೆ.

ನೇಕಾರ ಓಣಿ ಬಾವಿ, ಎಂಬತ್ತನಾಲ್ಕನೇ ಇಸವಿ.
ಸಾಹೇಬ್ರು ಹೇಳಿದ್ರಂತ, ಇಂವ ಬರದನಂತ:
'ನೀರು ಸೇದುವಾಗ್ಗೆ ಕಾಲು ಜಾರಿ.'
ಕೊಡ ಮನ್ಯಾಗ ಇತ್ತು, ತುಂಬಿತ್ತು.
ಬಾವಿಕಟ್ಟಿ ಮ್ಯಾಲ ಹವಾಯಿ ಚಪ್ಪಲ್,
ಎಡದ್ದರ ಬಾರಿಗೆ ಪಿನ್ನು ಚುಚ್ಚಿದ್ದು,
ಜೋಡಿಸಿ ಇಟ್ಟಿದ್ದು.
ಬರೀಲಿಲ್ಲ.

ತಾಟು ಸರಿಸಿ ಕೇಳಿದ,
'ಆ ಪತ್ತೇದಾರ ಬೂಟು ಯಾರಿಗೆ ತೋರಸ್ತಾನವಾ?'
ಎಲ್ಲಾರಿಗೂ, ಅಜ್ಜಾ, ಅಂದೆ.

ಇಂಗ್ಲಂಡಿನ ಕೆರಿ ಹಂಗ ನಿಂತಿತ್ತು, ಅಲುಗದ.
ಬಾಳ ಹೊತ್ತಿನ ಮ್ಯಾಲ, ನನಗಲ್ಲ,
ಯಾರೋ ಬರಕೊಳ್ಳಾಕ ಕುಂತಾರ ಅನ್ನೂವಂಗ
ಸಾವಕಾಶ ಹೇಳಿದ:
ನೀಲವ್ವ ಕೋಂ ಪರಸಪ್ಪ,
ವಯಾ ಇಪ್ಪತ್ತೆರಡು,
ಧಂದೆ ಕಂಡಿಕಿ ಸುತ್ತುವುದು,
ಸಾಕಿನ ಬೆಟಗೇರಿ.